ಒಂದು ಗಾಡಿಗೆ ಇಬ್ಬರು ಸಾರಥಿಗಳು

ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹಿರಿಯರ ಮಾತಿಗೆ ಎದುರಾಡಬಾರದು, ನಿಜ. ಆದರೆ ದೂರದ ಹಾದಿಯ ಲಾರಿಗೆ ಇಬ್ಬರು ಡ್ರೈವರುಗಳಿರುವುದನ್ನು ನಾವೆಲ್ಲ ಕಂಡವರೇ. ಒಬ್ಬ ಸ್ಟಿಯರಿಂಗ್ ಹಿಡಿದಾಗ ಇನ್ನೊಬ್ಬ ಬೆನ್ನಹಿಂದಿನ ಹಲಗೆಯ ಮೇಲೆ ಕಾಲು ಮಡಚಿ ಮಲಗಿರುತ್ತಾನೆ. ಇಬ್ಬರೂ ಒಟ್ಟಿಗೆ ಸ್ಟಿಯರಿಂಗಿಗೆ ಕೈ ಹಾಕಿದರೆ ಮಾತ್ರ ಅನಾಹುತ. ಸರದಿ ತಪ್ಪದಿದ್ದರೆ ಒಂದೇ ಗಾಡಿ, ಒಂದೇ ಇಂಜಿನ್ನು, ಇಬ್ಬರು ಸಾರಥಿಗಳು, ಸುಖವಾಗಿ ಸಾಗುತ್ತಾರೆ.

ಲ್ಯಾಪ್‌ಟಾಪಿನಲ್ಲಿ ಎರಡನೆಯ ಆಪರೇಟಿಂಗ್ ಸಿಸ್ಟಮ್ ಕೂರಿಸುವುದೆಂದರೆ ಇಷ್ಟೇ. ನೀವು ಗುಂಡಿ ಒತ್ತಿದ ಮೇಲೆ ಡಿಸ್ಕು, ಪರದೆ, ಕೀಲಿಮಣೆ ಎಲ್ಲವನ್ನೂ ಎಬ್ಬಿಸಿ, ಯಾರಿಗೆ ಯಾವ ಕೆಲಸವೆಂದು ಹಂಚಿಕೊಡುವ ಸಾರಥಿಯೇ ಆಪರೇಟಿಂಗ್ ಸಿಸ್ಟಮ್. ಹೆಚ್ಚಿನವರ ಪಾಲಿಗೆ ಅದು ಅಂಗಡಿಯಿಂದಲೇ ಗಾಡಿಯೊಳಗೆ ಕೂತು ಬಂದಿರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದನ್ನು ಕೂರಿಸಿ, ದಿನವೂ ಬೆಳಿಗ್ಗೆ "ಇವತ್ತು ಯಾರು ನಡೆಸ್ತೀರಪ್ಪ?" ಎಂದು ಕೇಳುವ ವ್ಯವಸ್ಥೆ ಮಾಡಿಕೊಳ್ಳಬಹುದು. ಕಂಪ್ಯೂಟರ್ ವಿಭಾಗದ ಗೆಳೆಯರು "ಇದೂ ಒಂದು ವಿಷಯವೇ?" ಎಂದು ನಗಬಹುದು. ನಗಲಿ. ನಾನು ಕನ್ನಡ ಐಚ್ಛಿಕದವಳು. ನನಗೆ ಈ ವಿಷಯ ದಕ್ಕಿದ್ದು ತರಗತಿಯಲ್ಲಲ್ಲ, ಆಟೋನಗರದಲ್ಲಿ.

ಬಳ್ಳಾರಿಯ ಕಡೆಯವರಿಗೆ ಆಟೋನಗರವೆಂದರೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಎರಡು ಮಾತು. ವಿಶಾಖಪಟ್ಟಣದಲ್ಲಿ ಗಾಜುವಾಕದ ಹತ್ತಿರ ಒಂದು ಆಟೋನಗರವಿದೆ. ನಾನು ಹೇಳುತ್ತಿರುವುದು ವಿಜಯವಾಡದ್ದು. ಹುಬ್ಬಳ್ಳಿಯಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಒಂದು ರಾತ್ರಿ ಕಳೆದರೆ ವಿಜಯವಾಡ. ಬೆಂಜ್ ಸರ್ಕಲ್‌ನಿಂದ ಬಂದರು ರಸ್ತೆ ಹಿಡಿದು ಪಟಮಟ ದಾಟಿದರೆ ಗಾಳಿಗೆ ಗ್ರೀಸಿನ ವಾಸನೆ ಬರುತ್ತದೆ. ಅಲ್ಲಿಂದ ಮುಂದೆ ಬೀದಿಗೆ ಬೀದಿಯೇ ಗ್ಯಾರೇಜು. ಕಂಪನಿಯಿಂದ ಬರಿಯ ಚಾಸಿಯಾಗಿ, ಮೈಮೇಲೆ ಬಟ್ಟೆಯಿಲ್ಲದ ಕೂಸಿನ ಹಾಗೆ ಬಂದ ಗಾಡಿಗೆ ಇಲ್ಲಿ ಬಾಡಿ ಕಟ್ಟುತ್ತಾರೆ, ಬಣ್ಣ ಬಳಿಯುತ್ತಾರೆ, ಹಣೆಯ ಮೇಲೆ ದೇವರ ಹೆಸರು ಬರೆಯುತ್ತಾರೆ. ಒಂದೇ ಚಾಸಿ ಒಬ್ಬನ ಕೈಯಲ್ಲಿ ಮರಳು ಟಿಪ್ಪರು, ಇನ್ನೊಬ್ಬನ ಕೈಯಲ್ಲಿ ಹಾಲಿನ ಟ್ಯಾಂಕರು. ಕಂಪನಿ ಕೊಟ್ಟದ್ದೇ ಕಡೆಯ ಮಾತು ಎಂದು ಆಟೋನಗರ ಯಾವತ್ತೂ ನಂಬಿದ್ದಿಲ್ಲ.

ನನ್ನ ಸೋದರಮಾವ ಅಲ್ಲಿ ಲಾರಿಯ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ಮೊದಲು ಅವರದು ಸಂಡೂರು-ಹೊಸಪೇಟೆ ಹಾದಿಯಲ್ಲಿ ಅದಿರು ಹೊರುವ ಎರಡು ಲಾರಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮಕ್ಕೆ ಕಡಿವಾಣ ಬೇಕಿತ್ತು ಎಂಬುದನ್ನು ಮಾವನೂ ಒಪ್ಪುತ್ತಾರೆ. ಆದರೆ ಇಂಜಿನ್ನು ಗಟ್ಟಿಯಾಗಿದ್ದೂ ಗಾಡಿ ಮನೆಮುಂದೆ ತುಕ್ಕು ಹಿಡಿಯುತ್ತಾ ನಿಂತದ್ದನ್ನು ಅವರು ದಿನವೂ ನೋಡಿದರು. ಕಡೆಗೆ ಬಂದಷ್ಟಕ್ಕೆ ಮಾರಿ, ಆ ದುಡ್ಡಲ್ಲಿ ಆಟೋನಗರದಲ್ಲಿ ಅಂಗಡಿ ಹಾಕಿದರು. ಇದನ್ನು ಇಲ್ಲಿ ಹೇಳಲು ಕಾರಣವುಂಟು, ಮುಂದೆ ತಿಳಿಯುತ್ತದೆ.

ಆ ಅಂಗಡಿಯ ಲೆಕ್ಕಪತ್ರವೆಲ್ಲ ಇದ್ದದ್ದು ಒಂದು ಲ್ಯಾಪ್‌ಟಾಪಿನಲ್ಲಿ. 2016ರಲ್ಲಿ ಕೊಂಡದ್ದು. ಇಂಟೆಲ್‌ನ ಆರನೆಯ ತಲೆಮಾರಿನ ಪ್ರೊಸೆಸರು, 4 ಜಿಬಿ ರ‍್ಯಾಮು, 500 ಜಿಬಿಯ ತಿರುಗುವ ಡಿಸ್ಕು. ರಜೆಯಲ್ಲಿ ನಾನು ಹೋದಾಗ ನನ್ನ ಟಿಪ್ಪಣಿ, ಪ್ರಬಂಧಗಳೂ ಅದರಲ್ಲೇ. ಇಡೀ ಮನೆಗೆ ಅದೊಂದೇ. ಅದರೊಳಗಿದ್ದದ್ದು ವಿಂಡೋಸ್ 10. 2015ರ ಜುಲೈನಲ್ಲಿ ಬಂದ ಈ ವ್ಯವಸ್ಥೆಗೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಅಂದರೆ ಕಳ್ಳರು ನುಗ್ಗುವ ಹೊಸ ಕಿಂಡಿ ಕಂಡರೆ ಅದನ್ನು ಮುಚ್ಚುವ ತೇಪೆ ಮಾಮೂಲಾಗಿ ಬರುವುದಿಲ್ಲ. ಬೇಕೆಂದವರಿಗೆ 2026ರ ಅಕ್ಟೋಬರಿನವರೆಗೆ ಒಂದು ವರ್ಷದ ವಿಸ್ತರಣೆ ಇಟ್ಟರು, ಅಷ್ಟೆ. ಮುಂದಿನ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು, ಪ್ರೊಸೆಸರು ಬಹುಮಟ್ಟಿಗೆ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಈಚಿನದಾಗಿರಬೇಕು. ನಮ್ಮದು ಆರನೆಯದು. ಪರೀಕ್ಷೆ ಬರೆಯುವ ಮೊದಲೇ ನಪಾಸು.

ಊರಿನ ಒಂದು ಅಂಗಡಿಯಲ್ಲಿ ವಿಚಾರಿಸಿದರೆ, "ಇದನ್ನ ಗುಜರಿಗೆ ಹಾಕಿ ಹೊಸದು ತಗೊಳ್ಳಿ" ಎಂದರು. ಹೊಸದಕ್ಕೆ ನಲವತ್ತು ಸಾವಿರದ ಮಾತು. ಅದೇ ತಿಂಗಳು ನನ್ನ ಹಾಸ್ಟೆಲ್ಲಿನ ದುಡ್ಡೂ ಮಾವನ ಕೈಯಿಂದಲೇ ಹೋಗಬೇಕಾಗಿತ್ತು. ನಮ್ಮಪ್ಪ ತೀರಿಕೊಂಡ ಮೇಲೆ ನನ್ನ ಓದು ಅವರ ಲೆಕ್ಕದ ಪುಸ್ತಕದಲ್ಲಿ ಒಂದು ಖಾತೆ. ಮಾವ ಏನೂ ಹೇಳಲಿಲ್ಲ. ಹೇಳದಿದ್ದುದೇ ನನಗೆ ಕೇಳಿಸಿತು.

ಅಂಗಡಿಯ ಮುಂದೆ ಇಂಜಿನ್ ಬಿಚ್ಚುತ್ತಿದ್ದ ತೆಲುಗು ಮೇಸ್ತ್ರಿ ಮಾತ್ರ ಸುಮ್ಮನಿರಲಿಲ್ಲ. "ಇಂಜನ್ ಮಂಚಿಗಾನೇ ಉಂದಿ ಕದಮ್ಮಾ, ಬಂಡಿ ಎಂದುಕು ಪಾರೇಯಾಲಿ?" ಎಂದ. ಇಂಜಿನ್ನು ಚೆನ್ನಾಗೇ ಇದೆಯಲ್ಲಮ್ಮಾ, ಗಾಡಿ ಯಾಕೆ ಎಸೆಯಬೇಕು? ಇದು ಮೇಸ್ತ್ರಿಯ ಮಾತು. ಮನೆಮುಂದೆ ನಿಂತ ಲಾರಿಗಳ ನೆನಪು ಬಂತೋ ಏನೋ, ಮಾವ ನನ್ನ ಕಡೆ ತಿರುಗಿ, "ಏನಾದ್ರೂ ದಾರಿ ಐತೇನವ್ವ?" ಎಂದರು.

ದಾರಿ ಇತ್ತು: ಲಿನಕ್ಸ್. ಆದರೆ ವಿಂಡೋಸನ್ನು ಪೂರ್ತಿ ಅಳಿಸುವಂತಿರಲಿಲ್ಲ. ಅಂಗಡಿಯ ಲೆಕ್ಕವೆಲ್ಲ ಟ್ಯಾಲಿಯಲ್ಲಿ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ನಡೆಯುವುದು ವಿಂಡೋಸಿನ ಮೇಲೆ. ಆರು ವರ್ಷದ ಕೊಟ್ಟದ್ದು, ಬರಬೇಕಾದದ್ದು, ಯಾರು ಎಷ್ಟು ಬಾಕಿ ಎಂಬುದೆಲ್ಲ ಅದರೊಳಗೆ. ಆದ್ದರಿಂದ ಹಳೆಯ ಸಾರಥಿ ಇರಲೇಬೇಕು, ಪಕ್ಕದಲ್ಲಿ ಹೊಸಬನೂ ಕೂರಬೇಕು.

"ಪುಕ್ಕಟೆ ಅಂತೀಯ. ಪುಕ್ಕಟೆ ಯಾಕೆ ಕೊಡ್ತಾರೆ?" ಇದು ಮಾವನ ಮೊದಲ ಪ್ರಶ್ನೆ. ವ್ಯಾಪಾರಸ್ಥನ ಪ್ರಶ್ನೆ, ತಪ್ಪಲ್ಲ. ನಾನು ಹೇಳಿದ ಕತೆ ಇದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಲಿನಸ್ ಟೊರ್ವಾಲ್ಡ್ಸ್ ಎಂಬ ಇಪ್ಪತ್ತೊಂದರ ಹುಡುಗ ತನ್ನ ಕಂಪ್ಯೂಟರಿನಲ್ಲಿ ಪಾಠಕ್ಕೆಂದು ಬರೆದಿದ್ದ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಇಟ್ಟುಕೊಂಡಿದ್ದ. ಅದರ ಪಕ್ಕದಲ್ಲೇ ತನ್ನದೊಂದನ್ನು ಕಟ್ಟತೊಡಗಿದ. ಆರಂಭದ ಲಿನಕ್ಸ್ ತನ್ನ ಕಾಲ ಮೇಲೆ ತಾನು ನಿಲ್ಲುತ್ತಿರಲಿಲ್ಲ. ಅದನ್ನು ಕಟ್ಟುವುದಕ್ಕೆ ಮಿನಿಕ್ಸ್ ಬೇಕಾಗಿತ್ತು. ಅಂದರೆ ಗೆಳೆಯರೇ, ಲಿನಕ್ಸ್ ಹುಟ್ಟಿದ್ದೇ ಒಬ್ಬ ವಿದ್ಯಾರ್ಥಿಯ ಯಂತ್ರದಲ್ಲಿ ಎರಡನೆಯ ವ್ಯವಸ್ಥೆಯಾಗಿ! ಆಮೇಲೆ ಅವನು ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲೇ ಗ್ನೂ ಯೋಜನೆಯನ್ನು ಸಾರಿದ್ದರು. ಅವರು ರೂಪಿಸಿದ ಪರವಾನಗಿಯ ಷರತ್ತು ಹೀಗೆ: ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಿ. ಆದರೆ ತಿದ್ದಿದ್ದನ್ನು ಹಂಚುವಾಗ ಮುಂದಿನವನಿಗೂ ಅದೇ ಹಕ್ಕು ಕೊಡಿ. 1992ರಲ್ಲಿ ಲಿನಕ್ಸ್ ಇದೇ ಪರವಾನಗಿಯ ಕೆಳಗೆ ಬಂತು.

ಮಾವ ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರೆ ಬಾನೆಟ್ಟಿಗೆ ಬೀಗ ಇಲ್ಲ ಅನ್ನು" ಎಂದರು. ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ.

ಎರಡನೆಯ ತಕರಾರು ಬಂದದ್ದು ಪಾರ್ಟಿಷನ್ ಎಂಬ ಪದಕ್ಕೆ. ಒಂದೇ ಡಿಸ್ಕನ್ನು ಪಾಲು ಮಾಡಿ ಒಂದು ಭಾಗ ಹೊಸಬನಿಗೆ ಕೊಡಬೇಕು ಎಂದದ್ದೇ ಮಾವ ಬೆಚ್ಚಿದರು. "ಪಾಲೇ? ನಮ್ಮ ಮನೆತನದಾಗೆ ಪಾಲು ಅಂದಾಗೆಲ್ಲ ಕೋರ್ಟು ಮೆಟ್ಟಿಲು ಹತ್ತೀವಿ." ಅವರ ಭಯ ಹಾಸ್ಯಕ್ಕಾದರೂ ನಿಜವಾದದ್ದು. ಆರು ವರ್ಷದ ಲೆಕ್ಕ ಅಳಿದರೆ ಅಂಗಡಿಯೇ ಅಳಿದಂತೆ. ಆದ್ದರಿಂದ ಮೊದಲು ಟ್ಯಾಲಿಯ ದತ್ತಾಂಶವನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿದೆವು. ನಕಲು ಮಾಡಿದರೆ ಸಾಲದು, ಅದನ್ನು ಪಕ್ಕದ ಟೈರಿನ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು, ಒಂದು ಹಳೆಯ ಬಿಲ್ಲು ಹುಡುಕಿ, ಮೊತ್ತ ಸರಿಯೆಂದು ಮಾವ ಕಣ್ಣಾರೆ ಕಂಡ ಮೇಲೆಯೇ ಮುಂದಿನ ಹೆಜ್ಜೆ. ತೆರೆದು ನೋಡದ ನಕಲು ನಕಲಲ್ಲ.

ಆಮೇಲೆ ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಪಾಲನ್ನು ಕುಗ್ಗಿಸಿ 100 ಜಿಬಿ ಬಿಡಿಸಿಕೊಂಡೆ. ನಾನು ಆರಿಸಿಕೊಂಡದ್ದು ಲಿನಕ್ಸ್ ಮಿಂಟ್. ಅದಕ್ಕೆ ಕನಿಷ್ಠ 20 ಜಿಬಿ ಸಾಕು, ಆರಾಮಾಗಿರಲು 100 ಬೇಕು. ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರಾದ ರೂಪ, 4 ಜಿಬಿ ರ‍್ಯಾಮಿನ ಮುದಿ ಯಂತ್ರಕ್ಕೆ ಒಪ್ಪುವಂಥದು.

ಮುಂದಿನದು ಎಲ್ಲಕ್ಕಿಂತ ಮುಖ್ಯವಾದದ್ದು, ಆದರೂ ಹಲವರು ಗಮನಿಸದೆ ಬಿಡುವುದು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದೊಂದಿದೆ. ಅದು ಚಾಲೂ ಇದ್ದರೆ ನೀವು ಶಟ್‌ಡೌನ್ ಮಾಡಿದರೂ ವ್ಯವಸ್ಥೆ ಪೂರ್ತಿ ಮಲಗುವುದಿಲ್ಲ. ಬೇಗ ಏಳಲೆಂದು ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆಗಣ್ಣು ಮುಚ್ಚಿರುತ್ತದೆ. ಆಗ ಇನ್ನೊಂದು ವ್ಯವಸ್ಥೆ ಬಂದು ಅದೇ ಪಾಲಿನೊಳಗೆ ಬರೆದರೆ ಕಡತಗಳು ಕೆಡಬಹುದು. ಇಂಜಿನ್ ಆರಿಸದೆ, ಗೇರಿನಲ್ಲೇ ಬಿಟ್ಟು ನಿದ್ದೆ ಹೋದ ಡ್ರೈವರನ ಗಾಡಿಯ ಕೆಳಗೆ ಯಾವ ಮೇಸ್ತ್ರಿಯೂ ನುಗ್ಗುವುದಿಲ್ಲ, ಅಲ್ಲವೇ? ಅದನ್ನು ಬಂದ್ ಮಾಡಿದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದೆಯೇ ಎಂದೂ ನೋಡಿದೆ, ಇರಲಿಲ್ಲ. ಇದ್ದವರು ಅದರ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಯಂತ್ರ ಏಳುವ ಕ್ರಮ ಬದಲಾದರೆ ಆ ಬೀಗ ಕೀಲಿ ಕೇಳುತ್ತದೆ.

ಸುಮಾರು 3 ಜಿಬಿಯ ಕಡತ ಇಳಿಸಿಕೊಂಡದ್ದಾಯಿತು. ಅದು ಹಾದಿಯಲ್ಲಿ ಕೆಟ್ಟಿಲ್ಲವೆಂದು ತಿಳಿಯುವುದು ಹೇಗೆ? ಅದಕ್ಕೆ 64 ಅಕ್ಷರ-ಅಂಕಿಗಳ ಒಂದು ಮೊಹರು ಕೊಟ್ಟಿರುತ್ತಾರೆ. ಕಡತದಿಂದ ನಾವೇ ಲೆಕ್ಕ ಹಾಕಿ ತೆಗೆದ ಮೊಹರು ಅದರೊಂದಿಗೆ ಅಕ್ಷರಶಃ ಕೂಡಬೇಕು. ಮಾವನಿಗೆ ಇದು ಹೊಸದೆನಿಸಲಿಲ್ಲ. ಹಳೆಯ ಲಾರಿ ಕೊಳ್ಳುವಾಗ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಚ್ಚನ್ನು ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಿದವರು ಅವರು. ಒಂದು ಅಂಕಿ ತಪ್ಪಿದರೂ ಗಾಡಿ ಬೇಡ. ಪರದೆಯ ಮೇಲಿನ 64ನ್ನು ನಾನು ಓದಿದೆ, ಕಾಗದದ ಮೇಲಿನದನ್ನು ಮಾವ ಬೆರಳಿಟ್ಟು ನೋಡಿದರು. ಕೂಡಿತು.

ಪೆನ್‌ಡ್ರೈವಿಗೆ ಬರೆದು ಅದರಿಂದಲೇ ಯಂತ್ರ ಎಬ್ಬಿಸಿದರೆ, ಡಿಸ್ಕನ್ನು ಮುಟ್ಟದೆಯೇ ಹೊಸ ವ್ಯವಸ್ಥೆಯನ್ನು ನಡೆಸಿ ನೋಡಬಹುದು. ಆಟೋನಗರದ ಭಾಷೆಯಲ್ಲಿ ಟ್ರಯಲ್. ವೈಫೈ ಸಿಕ್ಕಿತು, ಸದ್ದು ಬಂತು, ಅಂಗಡಿಯ ಪ್ರಿಂಟರು ಒಂದು ಹಾಳೆ ಉಗುಳಿತು. ಇವು ಟ್ರಯಲ್‌ನಲ್ಲೇ ಸರಿಯಿದ್ದರೆ ಮುಂದೆ ಧೈರ್ಯ. ಕೂರಿಸುವ ಹೊತ್ತಿಗೆ ಪರದೆ ಕೇಳುತ್ತದೆ: ವಿಂಡೋಸಿನ ಪಕ್ಕದಲ್ಲಿ ಕೂರಿಸಲೋ, ಇಡೀ ಡಿಸ್ಕನ್ನು ಅಳಿಸಲೋ? ಎರಡು ಸಾಲುಗಳ ನಡುವೆ ಬೆರಳಗಲದ ಅಂತರ. ಅಷ್ಟರಲ್ಲೇ ಆರು ವರ್ಷದ ಲೆಕ್ಕ. ನಾನು ಓದಿದೆ, ಮತ್ತೊಮ್ಮೆ ಮಾವನಿಗೆ ಕನ್ನಡದಲ್ಲಿ ಓದಿ ಹೇಳಿದೆ, ಆಮೇಲೆ ಒತ್ತಿದೆ. ಮೇಸ್ತ್ರಿ ಕೈಯಲ್ಲಿ ಪಾನಾ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅರ್ಧ ಗಂಟೆ ಯಾರೂ ಚಹಾ ಕೇಳಲಿಲ್ಲ.

ಯಂತ್ರ ಮತ್ತೆ ಎದ್ದಾಗ ಕಪ್ಪು ಪರದೆಯ ಮೇಲೆ ಒಂದು ಪಟ್ಟಿ. ಗ್ರಬ್ ಅಂತಾರೆ ಅದಕ್ಕೆ. ಮೇಲಿನ ಸಾಲು ಲಿನಕ್ಸ್ ಮಿಂಟ್, ಕೆಳಗೆ ವಿಂಡೋಸ್. ಹತ್ತು ಸೆಕೆಂಡು ಕಾಯುತ್ತದೆ. ನೀವು ಏನೂ ಹೇಳದಿದ್ದರೆ ಮೇಲಿನವನೇ ಸ್ಟಿಯರಿಂಗ್ ಹಿಡಿಯುತ್ತಾನೆ. ಮಾವ ಕೆಳಗಿನ ಸಾಲು ಆರಿಸಿದರು. ಟ್ಯಾಲಿ ತೆರೆಯಿತು. ಬಾಕಿದಾರರೆಲ್ಲ ಬಾಕಿಯಾಗಿಯೇ ಇದ್ದರು. ಅವರನ್ನು ಕಂಡು ಮಾವ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲಿರಬೇಕು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅಂಗಡಿಯಿಂದ ಕೂಗು: "ಏನವ್ವಾ, ಇದು ನಾಲ್ಕೂವರೆ ತೋರಸ್ತೈತೆ! ಕೋಳಿ ಕೂಗೋಕೆ ಮುಂಚೆ ಅಂಗಡಿ ತೆಗೆದೋರು ಯಾರು?" ಸರಿಯಾಗಿ ಐದೂವರೆ ಗಂಟೆ ಹಿಂದೆ. ಯಂತ್ರದೊಳಗೆ ಬ್ಯಾಟರಿಯ ಮೇಲೆ ನಡೆಯುವ ಒಂದು ಪುಟ್ಟ ಗಡಿಯಾರವಿದೆ. ಲಿನಕ್ಸ್ ಅದರಲ್ಲಿ ಗ್ರೀನಿಚ್ಚಿನ ವೇಳೆಯನ್ನಿಟ್ಟು, ಊರಿಗೆ ತಕ್ಕ ಹಾಗೆ ಕೂಡಿ ತೋರಿಸುತ್ತದೆ. ವಿಂಡೋಸ್ ಅದರಲ್ಲಿರುವುದನ್ನೇ ಊರಿನ ವೇಳೆಯೆಂದು ಓದುತ್ತದೆ. ಯಾರದೂ ಸುಳ್ಳಲ್ಲ, ಒಂದೊಂದು ಮನೆಯ ಪದ್ಧತಿ. ಲಿನಕ್ಸಿಗೆ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಒಂದು ಸಾಲಿನ ಆಜ್ಞೆ ಕೊಟ್ಟೆ. "ಇಲ್ಲಿಯ ಪದ್ಧತಿಗೆ ನೀನೇ ಹೊಂದಿಕೋ" ಎಂದು ಅದರ ಅರ್ಥ. ಹೊಂದಿಕೊಂಡಿತು. ಬಂದವರು ಹೊಂದಿಕೊಳ್ಳುವುದು ಆಟೋನಗರದಲ್ಲಿ ಹೊಸತಲ್ಲ. ಮಾವ ಬಿಲ್ಲು ಹೇಳುವುದು ತೆಲುಗಿನಲ್ಲಿ, ದುಡ್ಡು ಎಣಿಸುವುದು ಕನ್ನಡದಲ್ಲಿ.

ಈಗ ಕೆಲಸ ಹಂಚಿಕೆಯಾಗಿದೆ. ವಿಂಡೋಸ್ ಬಂದಾಗ ಇಂಟರ್‌ನೆಟ್ ಬಂದ್. ತೇಪೆ ಬಾರದ ಮನೆಯ ಬಾಗಿಲು ತೆರೆದಿಡಬಾರದು. ಟ್ಯಾಲಿಯಲ್ಲಿ ಲೆಕ್ಕ ಬರೆದು, ಜಿಎಸ್‌ಟಿಯ ಕಡತ ತಯಾರಿಸಿ ಒಂದು ಕಪಾಟಿನಲ್ಲಿ ಇಡುತ್ತಾರೆ. ಆಮೇಲೆ ಲಿನಕ್ಸ್ ಎಬ್ಬಿಸಿದರೆ, ಅದು ವಿಂಡೋಸಿನ ಪಾಲಿನೊಳಗೆ ಇಣುಕಿ ಆ ಕಡತವನ್ನು ಎತ್ತಿಕೊಳ್ಳಬಲ್ಲದು. ಅಲ್ಲಿಂದ ಜಿಎಸ್‌ಟಿ ಪೋರ್ಟಲ್ಲಿಗೆ. ಬ್ಯಾಂಕು, ಪತ್ರವ್ಯವಹಾರ, ನನ್ನ ಓದು ಎಲ್ಲ ಲಿನಕ್ಸಿನಲ್ಲಿ. ಎದ್ದು ಕೂತು ಸಾರಥಿ ಬದಲಿಸುವುದು ಬೇಸರದ ಕೆಲಸ ಹೌದು. ತಿರುಗುವ ಡಿಸ್ಕು ಹಳೆಯದೇ, ಏರಿನಲ್ಲಿ ಏದುಸಿರು ಬಿಡುತ್ತದೆ. ಪವಾಡವೇನೂ ನಡೆದಿಲ್ಲ. ಗುಜರಿಗೆ ಹೋಗಬೇಕಾದ್ದು ಹೋಗಲಿಲ್ಲ, ನನ್ನ ಹಾಸ್ಟೆಲ್ಲಿನ ಕಂತು ಕಟ್ಟಿಯಾಯಿತು, ಅಷ್ಟೆ.

ಅಂದ ಹಾಗೆ ಕನ್ನಡದ ಮಾತು. ನಮ್ಮ ಬಳಗದಲ್ಲಿ ಹಲವರು ನುಡಿಯಲ್ಲಿ ಬೆರಳಾಡಿಸಿದವರು. ಕೆ.ಪಿ. ರಾಯರ ವಿನ್ಯಾಸದ ಮೇಲೆ ನಿಂತ ಅದೇ ಕೀಲಿಮಣೆ ಲಿನಕ್ಸಿನ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಕೂತಿದೆ. ಎಫ್ ಒತ್ತಿದರೆ ಹಲಂತ, ಬೆರಳಿಗೆ ಹೊಸ ಪಾಠ ಬೇಡ. ಗುಬ್ಬಿ, ನವಿಲು ಎಂಬ ಹೆಸರಿನ ಅಕ್ಷರಶೈಲಿಗಳೂ ಪುಕ್ಕಟೆ ಸಿಗುತ್ತವೆ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಬರೆದಿಟ್ಟ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಪರದೇಶಿ ಚಿಹ್ನೆಗಳ ಸಾಲು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಕಾಲದವು. ಆ ಫಾಂಟಿಲ್ಲದ ಕಡೆ ಮುಖವಾಡ ಕಳಚುತ್ತದೆ. ಯುನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆಗಳಿವೆ, ಒಟ್ಟು 128. ಅಲ್ಲಿ ಬರೆದದ್ದು ಯಾವ ಸಾರಥಿ ಬಂದರೂ ಕನ್ನಡವಾಗಿಯೇ ಉಳಿಯುತ್ತದೆ. ಎರಡನೆಯ ವ್ಯವಸ್ಥೆ ಕೂರಿಸದಿದ್ದರೆ ನನ್ನ ಎರಡು ವರ್ಷದ ಟಿಪ್ಪಣಿ ಒಂದೇ ಯಜಮಾನನ ಮನೆಯಲ್ಲಿ ಮಾತ್ರ ಮಾತಾಡುತ್ತಿತ್ತು ಎಂಬುದು ತಿಳಿಯುತ್ತಲೇ ಇರಲಿಲ್ಲ. ಈಗ ಒಂದೊಂದನ್ನೇ ಯುನಿಕೋಡಿಗೆ ಬದಲಿಸುತ್ತಿದ್ದೇನೆ.

ಇದಕ್ಕೇ ನನಗೆ ಆ ಹತ್ತು ಸೆಕೆಂಡಿನ ಪಟ್ಟಿಯ ಮೇಲೆ ಮಮತೆ. ಮೇಲಿನ ಸಾಲು ಒಳ್ಳೆಯದು, ಕೆಳಗಿನದು ಕೆಟ್ಟದ್ದು ಎಂದು ನಾನು ವಾದಿಸುವುದಿಲ್ಲ. ಕೆಳಗಿನ ಸಾಲೇ ನಮ್ಮ ಅನ್ನದ ಲೆಕ್ಕ ಇಟ್ಟಿದೆ. ಆದರೆ ಒಂದೇ ಸಾಲಿದ್ದಾಗ ಯಾರೂ ನಮ್ಮನ್ನು ಕೇಳುತ್ತಿರಲಿಲ್ಲ. ಈಗ ಕೇಳುತ್ತಾರೆ. ದುಡ್ಡು ಕೊಟ್ಟು ತಂದ ವಸ್ತು ನಮ್ಮದೇ ಎಂಬುದಕ್ಕೆ ಬಿಲ್ಲು ಅರ್ಧ ಸಾಕ್ಷಿ. ಅದರ ಬಾನೆಟ್ಟು ತೆರೆಯಬಲ್ಲೆವು, ಅದನ್ನು ಯಾವಾಗ ಗುಜರಿಗೆ ಹಾಕಬೇಕೆಂದು ನಾವೇ ತೀರ್ಮಾನಿಸಬಲ್ಲೆವು ಎಂಬುದು ಉಳಿದರ್ಧ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಒಂದು ಲ್ಯಾಪ್‌ಟಾಪು ಧೂಳು ತಿನ್ನುತ್ತಿರಬಹುದು. ಗುಜರಿಯವನನ್ನು ಕರೆಯುವ ಮೊದಲು ಒಂದು ಪೆನ್‌ಡ್ರೈವ್ ತನ್ನಿ. ಒಳಗಿರುವುದರ ನಕಲು ತೆಗೆಯಿರಿ, ನಕಲನ್ನು ತೆರೆದು ನೋಡಿ. ಟ್ರಯಲ್ ಮಾಡಿ. ಪರದೆಯ ಮೇಲಿನ ಸಾಲನ್ನು ಎರಡು ಸಲ ಓದಿ, ಸಾಧ್ಯವಾದರೆ ಒಂದು ಸಲ ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ ಎಂದು ತಿಳಿಯಿರಿ. ಆಮೇಲೆ ಒತ್ತಿ.